ಜಂಗೀಪುರದ ಅಂಗೈ, ನಮ್ಮೂರ ಅಜ್ಜಿಯ ಹೆಬ್ಬೆಟ್ಟು

ಹೋದ ವರ್ಷ ಮಳೆಗಾಲದಲ್ಲಿ ನಮ್ಮ ಗುಂಪಿನ ಗೆಳೆಯನೊಬ್ಬನ ಅಜ್ಜಿ ಪಿಂಚಣಿ ಹಣ ಬಿಡಿಸಿಕೊಳ್ಳಲು ಊರಿನ ಅಂಗಡಿಯೊಂದಕ್ಕೆ ಹೋಗಿದ್ದರು. ಅಲ್ಲಿ ಹೆಬ್ಬೆಟ್ಟು ಒತ್ತುವ ಸಣ್ಣ ಮಷೀನು ಇದೆ. ಅಜ್ಜಿ ಒತ್ತಿದರು. "ಸರ್ವರ್ ಇಲ್ಲ ಅಜ್ಜಿ, ಇನ್ನೊಂದ್ ಸಲ ಒತ್ತು" ಅಂದ ಹುಡುಗ. ಮತ್ತೆ ಒತ್ತಿದರು. ಮೂರನೇ ಸಲ ಒತ್ತಿದ ಮೇಲೆ 1000 ರೂಪಾಯಿ ಕೈಗೆ ಬಂತು. ಅಜ್ಜಿ ಸೆರಗಿಗೆ ಗಂಟು ಹಾಕಿಕೊಂಡು ಮನೆಗೆ ಬಂದರು.

ಒಂದೂವರೆ ತಿಂಗಳಾದ ಮೇಲೆ ಗೆಳೆಯ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ವಿಷಯ ಗೊತ್ತಾಯಿತು. ಆ ದಿನ ಅಜ್ಜಿಯ ಖಾತೆಯಿಂದ ಹಣ ಎರಡು ಸಲ ಹೋಗಿತ್ತು. ಒಂದು ಅಜ್ಜಿ ಪಡೆದ 1000. ಇನ್ನೊಂದು ಯಾರೂ ಅಜ್ಜಿಗೆ ಕೊಡದ 2000.

ನಾವು ಅಜ್ಜಿಯನ್ನು ಕರೆದುಕೊಂಡು ಬ್ಯಾಂಕಿಗೆ ಹೋದೆವು. ಕೌಂಟರಿನಲ್ಲಿದ್ದವರು ಕಂಪ್ಯೂಟರ್ ನೋಡಿ, "ಹೆಬ್ಬೆಟ್ಟು ನಿಮ್ದೇ ಇದೆಯಲ್ಲಮ್ಮ" ಅಂದರು. ಅಜ್ಜಿ ಒಂದು ಕ್ಷಣ ಸುಮ್ಮನಿದ್ದು, "ಹೆಬ್ಬೆಟ್ಟು ನಂದೇ ಕಣಪ್ಪಾ. ದುಡ್ಡು ಕೇಳಿದ್ದು ನಾನಲ್ಲ" ಅಂದರು.

ಆ ಮಾತು ನಮ್ಮ ತಲೆಯಲ್ಲಿ ಕೂತುಬಿಟ್ಟಿತು. ಹೆಬ್ಬೆಟ್ಟು ಅಂದರೆ ಏನು? ಅದು ಯಾವುದಕ್ಕೆ ಸಾಕ್ಷಿ? ಅದನ್ನು ಮೊದಲು ಒತ್ತಿಸಿಕೊಂಡವರು ಯಾರು, ಯಾಕೆ? ಹುಡುಕುತ್ತಾ ಹೋದಾಗ ಕಥೆ ಬಂಗಾಳದ ಒಂದು ಸಣ್ಣ ಊರಿನವರೆಗೆ ಹೋಯಿತು.

ಜಲ್ಲಿ ಗುತ್ತಿಗೆಯ ಕರಾರು

ಸಿಪಾಯಿ ದಂಗೆಯ ಮರುವರ್ಷ, 1858. ಬಂಗಾಳದ ಮುರ್ಷಿದಾಬಾದ್ ಜಿಲ್ಲೆಯ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಇಂಗ್ಲಿಷ್ ಅಧಿಕಾರಿ ಇದ್ದ. ವಯಸ್ಸು ಇಪ್ಪತ್ತೈದು. ಅವನ ತಾತ, ಅಪ್ಪ ಇಬ್ಬರೂ ಹೆಸರಾಂತ ಖಗೋಳ ವಿಜ್ಞಾನಿಗಳು. ರಸ್ತೆ ಕೆಲಸಕ್ಕೆ ಹರ್ಷೆಲನಿಗೆ ಜಲ್ಲಿ ಬೇಕಿತ್ತು. ರಾಜ್ಯಧರ ಕೊನಾಯ್ ಎಂಬ ಸ್ಥಳೀಯ ಗುತ್ತಿಗೆದಾರ 2000 ಮಣ ಜಲ್ಲಿ ಒದಗಿಸಲು ಒಪ್ಪಿ, ಬಂಗಾಳಿಯಲ್ಲಿ ತನ್ನ ಕೈಯಿಂದಲೇ ಕರಾರು ಬರೆದುಕೊಟ್ಟ.

ಸಹಿ ಹಾಕುವ ಹೊತ್ತಿಗೆ ಹರ್ಷೆಲನಿಗೆ ಒಂದು ಯೋಚನೆ ಬಂತು. ಕಚೇರಿಯ ಮೊಹರಿಗೆ ಬಳಸುತ್ತಿದ್ದ ಎಣ್ಣೆ ಮಸಿಯನ್ನು ಕೊನಾಯ್‌ನ ಅಂಗೈಗೂ ಬೆರಳುಗಳಿಗೂ ಹಚ್ಚಿ, ಇಡೀ ಹಸ್ತವನ್ನು ಕರಾರಿನ ಹಿಂಬದಿಗೆ ಒತ್ತಿಸಿದ. ಆಮೇಲೆ ತನ್ನ ಕೈಯ ಅಚ್ಚನ್ನೂ ತೆಗೆದ. ಇಬ್ಬರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಹಸ್ತರೇಖೆ ಶಾಸ್ತ್ರದ ಬಗ್ಗೆ ತಮಾಷೆಯನ್ನೂ ಮಾಡಿಕೊಂಡರು. ಇದನ್ನೆಲ್ಲ ಹರ್ಷೆಲನೇ 1916ರಲ್ಲಿ ಪ್ರಕಟಿಸಿದ ಸಣ್ಣ ಪುಸ್ತಕದಲ್ಲಿ ಹೇಳಿಕೊಂಡಿದ್ದಾನೆ. ಆ ದಿನ ಅವನ ಉದ್ದೇಶ ವಿಜ್ಞಾನವಾಗಿರಲಿಲ್ಲ. ಕೊನಾಯ್ ನಾಳೆ "ಈ ಸಹಿ ನನ್ನದಲ್ಲ" ಅನ್ನಬಾರದು, ಅವನಿಗೆ ಸ್ವಲ್ಪ ಹೆದರಿಕೆ ಇರಲಿ ಎಂಬುದಷ್ಟೇ.

ಇಲ್ಲಿ ಎರಡು ಸಂಗತಿಗಳನ್ನು ನಾವು ಗಮನಿಸಬೇಕು.

ಮೊದಲನೆಯದು, ಕೊನಾಯ್‌ಗೆ ಓದು ಬರಹ ಬರುತ್ತಿತ್ತು. ಕರಾರನ್ನು ಬರೆದವನೇ ಅವನು. ನಮ್ಮ ಕಡೆ "ಅವನು ಹೆಬ್ಬೆಟ್ಟು" ಅಂದರೆ ಅಕ್ಷರ ಬಾರದವನು ಎಂದು ಅರ್ಥ. ಆದರೆ ಸರ್ಕಾರಿ ಕಾಗದಕ್ಕೆ ಕೈಯಚ್ಚು ಒತ್ತಿದ ಆ ಹೆಸರಾಂತ ಮೊದಲ ಮನುಷ್ಯ ಅಕ್ಷರ ಬಲ್ಲವನು. ಅವನಿಗೆ ಬರೆಯಲು ಬಾರದೆಂದು ಒತ್ತಿಸಿಕೊಂಡದ್ದಲ್ಲ, ಅವನ ಮಾತಿನ ಮೇಲೆ ನಂಬಿಕೆ ಇಲ್ಲದ್ದಕ್ಕೆ ಒತ್ತಿಸಿಕೊಂಡದ್ದು.

ಎರಡನೆಯದು, ಕರಾರಿನ ಮಾತುಗಳು ಮತ್ತು ಕೈಯ ಅಚ್ಚು ಒಂದೇ ಹಾಳೆಯಲ್ಲಿದ್ದವು. ಮುಂದೆ ಮಾತು, ಹಿಂದೆ ಕೈ. ಏನಕ್ಕೆ ಒಪ್ಪುತ್ತಿದ್ದೇನೆ ಎಂಬುದು ಕೊನಾಯ್‌ಗೆ ಗೊತ್ತಿತ್ತು. ಈ ಮಾತು ನೆನಪಿರಲಿ, ಆಮೇಲೆ ಇದಕ್ಕೇ ಬರುತ್ತೇವೆ.

ಸತ್ತವರ ಪಿಂಚಣಿ, ಬಾಡಿಗೆ ಕೈದಿಗಳು

ಮುಂದೆ ಹರ್ಷೆಲನಿಗೆ ನದಿಯಾ ಜಿಲ್ಲೆಗೆ ವರ್ಗವಾಯಿತು. ಆಗ ಅಲ್ಲಿ ನೀಲಿ ಬೆಳೆಯ ಗಲಾಟೆ. ತೋಟದ ದೊರೆಗಳು ರೈತರಿಂದ ಬಲವಂತವಾಗಿ ನೀಲಿ ಬೆಳೆಸುತ್ತಿದ್ದರು. 1859–60ರಲ್ಲಿ ರೈತರು ತಿರುಗಿಬಿದ್ದರು. ಕೋರ್ಟುಗಳಿಗೆ ಕರಾರು, ಗೇಣಿ ಪತ್ರಗಳ ರಾಶಿ ಬಂತು. ಯಾವುದು ಅಸಲಿ, ಯಾವುದು ನಕಲಿ ಎಂದು ಹೇಳುವುದೇ ಕಷ್ಟವಾಯಿತು. ಬೆರಳಚ್ಚು ಇದ್ದರೆ ಮೋಸ ತಡೆಯಬಹುದು ಎಂದು ಹರ್ಷೆಲನಿಗೆ ಅನ್ನಿಸಿತು. ಮೇಲಿನವರು ಅದನ್ನು ಜಾರಿಗೆ ತರಲಿಲ್ಲ.

ಅವನು ಬಿಡಲಿಲ್ಲ. ಸ್ನೇಹಿತರದ್ದು, ಬಂಧುಗಳದ್ದು, ತನ್ನದೇ ಬೆರಳುಗಳದ್ದು ಅಚ್ಚು ತೆಗೆದು ಇಟ್ಟುಕೊಂಡ. ವರ್ಷಗಳು ಕಳೆದರೂ ಗೆರೆಗಳು ಬದಲಾಗುವುದಿಲ್ಲ ಎಂಬುದು ಅವನಿಗೆ ಖಚಿತವಾಯಿತು.

1877ರಲ್ಲಿ ಹೂಗ್ಲಿ ಜಿಲ್ಲೆಯ ಕಲೆಕ್ಟರ್ ಆಗಿದ್ದಾಗ ಅವನು ಮೂರು ಕಡೆ ಬೆರಳಚ್ಚನ್ನು ಜಾರಿಗೆ ತಂದ. ಮೊದಲನೆಯದು ಪಿಂಚಣಿ. ಪಿಂಚಣಿದಾರ ಸತ್ತ ಮೇಲೂ ಅವನ ಹೆಸರಿನಲ್ಲಿ ಬೇರೆ ಯಾರೋ ಬಂದು ಹಣ ತೆಗೆದುಕೊಂಡು ಹೋಗುತ್ತಿದ್ದರು. ಎರಡನೆಯದು ಪತ್ರ ನೋಂದಣಿ. ಜಮೀನು ಬರೆದುಕೊಟ್ಟವರು ಆಮೇಲೆ "ನಾನು ಕಚೇರಿಗೇ ಬಂದಿಲ್ಲ" ಅನ್ನುತ್ತಿದ್ದರು, ಅಥವಾ ಅವರ ಹೆಸರು ಹೇಳಿಕೊಂಡು ಬೇರೆಯವರು ಬಂದು ಬರೆದುಕೊಡುತ್ತಿದ್ದರು. ಮೂರನೆಯದು ಜೈಲು. ಶಿಕ್ಷೆಯಾದ ಉಳ್ಳವರು ದುಡ್ಡು ಕೊಟ್ಟು ತಮ್ಮ ಬದಲು ಬಡವರನ್ನು ಜೈಲಿಗೆ ಕಳಿಸುವ ಚಾಳಿ ಇತ್ತು.

ಒಬ್ಬರ ಗುರುತನ್ನು ಇನ್ನೊಬ್ಬರು ಕದಿಯುವುದು ಮೊಬೈಲ್ ಬಂದ ಮೇಲೆ ಹುಟ್ಟಿದ ರೋಗವಲ್ಲ. ಪಿಂಚಣಿ, ಜಮೀನು, ಸರ್ಕಾರಿ ದಾಖಲೆ: ಗುರುತಿನ ಕಳ್ಳರಿಗೆ ಅಂದೂ ಬೇಕಾದದ್ದು ಇವೇ, ಇಂದೂ ಬೇಕಾದದ್ದು ಇವೇ.

ಇಡೀ ಬಂಗಾಳಕ್ಕೆ ಈ ಪದ್ಧತಿ ಬರಲಿ ಎಂದು ಹರ್ಷೆಲ್ ಆ ವರ್ಷವೇ ಮೇಲಧಿಕಾರಿಗಳಿಗೆ ಪತ್ರ ಬರೆದ. ಅದಕ್ಕೂ ಮನ್ನಣೆ ಸಿಗಲಿಲ್ಲ. ಮರುವರ್ಷ ಅವನು ಊರಿಗೆ ಹೊರಟುಹೋದ.

1024 ಗೂಡುಗಳು

ಬೆರಳಚ್ಚು ಸಂಗ್ರಹಿಸುವುದು ಒಂದು ಕೆಲಸ. ಸಾವಿರಾರು ಅಚ್ಚುಗಳ ನಡುವೆ ಬೇಕಾದ ಒಂದನ್ನು ಹುಡುಕುವುದು ಬೇರೆ ಕೆಲಸ. ಆ ಬೀಗ ತೆಗೆದವರು ಕೋಲ್ಕತ್ತಾದ ಇಬ್ಬರು ಭಾರತೀಯ ಪೊಲೀಸ್ ಅಧಿಕಾರಿಗಳು, ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಬಂಗಾಳದ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿಯ ಕೈಕೆಳಗೆ ಇವರು ಹತ್ತು ಬೆರಳುಗಳ ಗೆರೆಗಳನ್ನು ಲೆಕ್ಕಕ್ಕೆ ಇಳಿಸಿ, 32 ಅಡ್ಡ ಸಾಲು, 32 ಉದ್ದ ಸಾಲು, ಒಟ್ಟು 1024 ಗೂಡುಗಳಲ್ಲಿ ಕಾರ್ಡು ಜೋಡಿಸುವ ವಿಧಾನ ಕಟ್ಟಿದರು. ಯಾರ ಕಾರ್ಡು ಯಾವ ಗೂಡಿನಲ್ಲಿದೆ ಎಂಬುದನ್ನು ಅವರ ಬೆರಳುಗಳೇ ಹೇಳುತ್ತಿದ್ದವು. 1897ರಲ್ಲಿ ಕೋಲ್ಕತ್ತಾದಲ್ಲಿ ಬೆರಳಚ್ಚು ಬ್ಯೂರೋ ಶುರುವಾಯಿತು. ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡಿಗೆ ಇದು ಹೋದದ್ದು ಆಮೇಲೆ, 1901ರಲ್ಲಿ. ವಿಧಾನಕ್ಕೆ ಮಾತ್ರ ಹೆನ್ರಿಯ ಹೆಸರೇ ಉಳಿಯಿತು.

ಬ್ಯೂರೋ ಶುರುವಾದ ಸ್ವಲ್ಪ ಕಾಲಕ್ಕೆ ಒಂದು ಕೊಲೆ ಪ್ರಕರಣ ಬಂತು. ಜಲ್ಪೈಗುರಿಯ ಚಹಾ ತೋಟದ ಮ್ಯಾನೇಜರನನ್ನು ಯಾರೋ ಕೊಂದು ಹಣ ದೋಚಿದ್ದರು. ಮನೆಯಲ್ಲಿದ್ದ ಪಂಚಾಂಗವೊಂದರ ಮೇಲೆ ರಕ್ತದ ಬೆರಳಿನ ಗುರುತು ಇತ್ತು. ಬ್ಯೂರೋದಲ್ಲಿ ಹುಡುಕಿದಾಗ ಅದು ಹಿಂದೆ ಕಳ್ಳತನಕ್ಕೆ ಶಿಕ್ಷೆಯಾಗಿದ್ದ ಹಳೆಯ ಕೆಲಸದವನ ಬಲಗೈ ಹೆಬ್ಬೆರಳಿಗೆ ಹೊಂದಿತು. 1898ರಲ್ಲಿ ತೀರ್ಪು ಬಂತು. ಕಳ್ಳತನಕ್ಕೆ ಶಿಕ್ಷೆಯಾಯಿತು. ಕೊಲೆ ಆರೋಪದಿಂದ ಬಿಡುಗಡೆಯಾಯಿತು.

ನಮ್ಮ ಅಜ್ಜಿಯ ಮಾತಿಗೆ ಉತ್ತರ ನಮಗೆ ಸಿಕ್ಕಿದ್ದು ಈ ತೀರ್ಪಿನಲ್ಲಿ. ಬೆರಳು ಪಂಚಾಂಗ ಮುಟ್ಟಿದೆ ಎಂಬುದಕ್ಕೆ ಅಚ್ಚು ಸಾಕ್ಷಿ. ಅದೇ ಕೈ ಚೂರಿ ಹಿಡಿದಿತ್ತು ಎಂಬುದಕ್ಕೆ ಅಚ್ಚು ಒಂದೇ ಸಾಕ್ಷಿಯಾಗಲಿಲ್ಲ. ಬೆರಳಚ್ಚು "ಯಾರು ಮುಟ್ಟಿದರು" ಎಂದು ಹೇಳುತ್ತದೆ, "ಯಾಕೆ ಮುಟ್ಟಿದರು, ಏನಕ್ಕೆ ಒಪ್ಪಿದರು" ಎಂದು ಹೇಳುವುದಿಲ್ಲ. 125 ವರ್ಷಗಳ ಹಿಂದೆಯೇ ಒಂದು ಕೋರ್ಟು ಈ ವ್ಯತ್ಯಾಸ ಕಂಡಿತ್ತು. ಅಜ್ಜಿಯೂ ಬ್ಯಾಂಕಿನ ಕೌಂಟರಿನಲ್ಲಿ ನಿಂತು ಹೇಳಿದ್ದು ಅದನ್ನೇ.

ಸಾಕ್ಷಿಯಾಗಿದ್ದ ಬೆರಳು ಬೀಗದ ಕೈಯಾಯಿತು

ನಮ್ಮ ರಾಜ್ಯದ ಕಥೆಗೆ ಬರೋಣ. 2001ರ ಸುಮಾರಿಗೆ ಕರ್ನಾಟಕದಲ್ಲಿ ಭೂಮಿ ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಅಲ್ಲಿ ಒಂದು ಒಳ್ಳೆಯ ಏರ್ಪಾಡು ಇತ್ತು. ಪಹಣಿ ತಿದ್ದುಪಡಿ ಮಾಡುವ ಅಧಿಕಾರಿಗಳು ಬೆರಳಚ್ಚು ಕೊಟ್ಟೇ ಕಂಪ್ಯೂಟರಿನ ಒಳಗೆ ಹೋಗಬೇಕಿತ್ತು, "ನಾನು ತಿದ್ದಿಲ್ಲ" ಎಂದು ಜಾರಿಕೊಳ್ಳುವಂತಿರಲಿಲ್ಲ. ನಮ್ಮ ಬೆರಳನ್ನೇ ಕೇಳುತ್ತಿದ್ದ ಸರ್ಕಾರ ಇಲ್ಲಿ ತನ್ನವರ ಬೆರಳನ್ನೂ ಕೇಳಿತು.

ಅದೇ 2001ರಲ್ಲಿ ಕೇಂದ್ರ ಸರ್ಕಾರ ನೋಂದಣಿ ಕಾಯ್ದೆಗೆ ತಿದ್ದುಪಡಿ ತಂದಿತು. ಪತ್ರ ನೋಂದಣಿಗೆ ಹಾಜರುಪಡಿಸುವವರ ಫೋಟೊ ಮತ್ತು ಬೆರಳಚ್ಚು ಪತ್ರದ ಮೇಲೆ ಇರಲೇಬೇಕು ಎಂದಾಯಿತು. ಕ್ರಯಪತ್ರದಲ್ಲಿ ನಾವು ನೋಡುವ ನೀಲಿ ಹೆಬ್ಬೆಟ್ಟು ಹರ್ಷೆಲ್ ಹೂಗ್ಲಿಯಲ್ಲಿ ಶುರುಮಾಡಿದ್ದರದೇ ಮುಂದುವರಿಕೆ.

ಆಮೇಲೆ ಆಧಾರ್ ಬಂತು. 2009ರಲ್ಲಿ ಪ್ರಾಧಿಕಾರ ಹುಟ್ಟಿತು. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ತೆಂಭ್ಲಿ ಎಂಬ ಹಳ್ಳಿಯಲ್ಲಿ ಮೊದಲ ಆಧಾರ್ ಸಂಖ್ಯೆ ಕೊಟ್ಟರು. ಮುಂದೆ ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆ ಬಂತು. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು, ಈ ಮೂರಿದ್ದರೆ ಊರಿನಲ್ಲೇ ಹಣ ಸಿಗುತ್ತದೆ. ಪಿನ್ ಬೇಡ, ಓಟಿಪಿ ಬೇಡ. ಬ್ಯಾಂಕಿಗೆ ಬಸ್ಸು ಹಿಡಿದು ಹೋಗಲಾರದ ಅಜ್ಜಿಯರಿಗೆ ಇದು ನಿಜವಾಗಿ ಉಪಕಾರವಾಗಿದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಇಲ್ಲಿ ಒಂದು ದೊಡ್ಡ ಬದಲಾವಣೆ ಸದ್ದಿಲ್ಲದೆ ಆಗಿಹೋಯಿತು. 150 ವರ್ಷ ಹೆಬ್ಬೆಟ್ಟು ಸಾಕ್ಷಿಯಾಗಿತ್ತು. ಕೆಲಸ ನಡೆದ ಮೇಲೆ ಜಗಳ ಬಂದರೆ ತೆಗೆದು ನೋಡುವಂಥದ್ದು. ಈಗ ಅದೇ ಹೆಬ್ಬೆಟ್ಟು ಬೀಗದ ಕೈ. ಇಟ್ಟ ಕೂಡಲೇ ತಿಜೋರಿ ತೆರೆಯುತ್ತದೆ. ಸಾಕ್ಷಿಯ ನಕಲು ಎಷ್ಟು ಕಡೆ ಇದ್ದರೂ ನಡೆಯುತ್ತದೆ. ಬೀಗದ ಕೈಯ ನಕಲು ಊರೆಲ್ಲಾ ಇರಬಾರದು.

ಇದ್ದದ್ದರಿಂದ ಏನಾಯಿತು ನೋಡಿ. 2018ರಲ್ಲಿ ತೆಲಂಗಾಣದಲ್ಲಿ ಸಿಮ್ ಮಾರುವವನೊಬ್ಬ ಸಿಕ್ಕಿಬಿದ್ದ. ನೋಂದಣಿ ಇಲಾಖೆಯ ಜಾಲತಾಣದಲ್ಲಿದ್ದ ಜಮೀನು ಪತ್ರಗಳಿಂದ ಬೆರಳಚ್ಚು ತೆಗೆದು, ರಬ್ಬರ್ ಸ್ಟಾಂಪ್ ಮಾಡುವ ರೀತಿಯಲ್ಲಿ ನಕಲಿ ಬೆರಳು ಮಾಡಿ, ಯಾರದೋ ಹೆಸರಿನಲ್ಲಿ ಸಾವಿರಾರು ಸಿಮ್ ಚಾಲೂ ಮಾಡಿದ್ದ. 2023ರಲ್ಲಿ ಬೆಂಗಳೂರಿನಲ್ಲೂ ಇಂಥ ದೂರುಗಳು ಬಂದವು. ಜಮೀನು, ನಿವೇಶನ ನೋಂದಣಿ ಮಾಡಿಸಿದವರ ಖಾತೆಯಿಂದ ಬೆರಳಚ್ಚಿನ ಮೂಲಕ ಹಣ ಹೋಗಿತ್ತು. ಆಮೇಲೆ ಜಾಲತಾಣದಲ್ಲಿ ಸಿಗುವ ಪತ್ರಗಳಲ್ಲಿ ಬೆರಳಚ್ಚು ಮರೆಮಾಡುವ ಕ್ರಮ ಬಂತು. ಆಧಾರ್ ಪ್ರಾಧಿಕಾರವೂ 2023ರಲ್ಲಿ ಮಷೀನಿನ ಮೇಲಿರುವುದು ಜೀವಂತ ಬೆರಳೋ ನಕಲಿಯೋ ಎಂದು ನೋಡುವ ಹೊಸ ತಪಾಸಣೆ ತಂದಿತು.

ನಕಲಿ ರಿಜಿಸ್ಟ್ರಿ ತಡೆಯಲು ಒತ್ತಿದ ಹೆಬ್ಬೆಟ್ಟೇ ಕಳ್ಳನಿಗೆ ಅಚ್ಚಾಯಿತು. ಎಟಿಎಂ ಪಿನ್ ಕಳವಾದರೆ ಬದಲಿಸಬಹುದು. ಹೆಬ್ಬೆರಳನ್ನು ಬದಲಿಸಲು ಬರುತ್ತದೆಯೇ? ಇನ್ನೊಂದು ಕಡೆ ಕಲ್ಲು ಹೊತ್ತು, ಗಾರೆ ಕಲಸಿ, ಬೀಡಿ ಸುತ್ತಿ ಬೆರಳು ಸವೆದವರ ಅಸಲಿ ಹೆಬ್ಬೆಟ್ಟನ್ನು ಅದೇ ಮಷೀನು ಒಪ್ಪುವುದೇ ಇಲ್ಲ.

ಒಬ್ಬ ಹಿರಿಯರ ಅರ್ಜಿ

ಈ ಕಥೆಯಲ್ಲಿ ಕರ್ನಾಟಕದ ಒಬ್ಬ ಹಿರಿಯರ ಹೆಸರು ಹೇಳಲೇಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. 2018ರ ಸೆಪ್ಟೆಂಬರ್ 26ರಂದು ಆಧಾರ್ ಕಾಯ್ದೆಯನ್ನು ಬಹುಮತದಿಂದ ಎತ್ತಿಹಿಡಿದರೂ, ಬ್ಯಾಂಕ್ ಖಾತೆಗೆ, ಸಿಮ್‌ಗೆ ಆಧಾರ್ ಕಡ್ಡಾಯ ಮಾಡುವಂತಿಲ್ಲ ಎಂದಿತು.

ಅಂದರೆ ನಮ್ಮ ಬೆರಳು, ನಮ್ಮ ಸಂಖ್ಯೆ ನಮ್ಮ ಹಕ್ಕಿಗೆ ಸೇರಿದ್ದು. ಅದನ್ನು ಕಾಯ್ದುಕೊಳ್ಳುವುದು ಅನುಮಾನದ ಸ್ವಭಾವ ಅಲ್ಲ.

ನಾವು ಏನು ಮಾಡಬಹುದು

ಇತಿಹಾಸ ಓದಿ ಸುಮ್ಮನೆ ಕೂರುವುದು ಬೇಡ. ನಾವು ನಮ್ಮ ಮನೆಗಳಲ್ಲಿ ಮಾಡಿರುವುದನ್ನು ಹೇಳುತ್ತೇವೆ.

ಒಂದು, ಬೆರಳಿಗೆ ಬೀಗ. ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲಿ ಅಥವಾ ಜಾಲತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಇದೆ. ಹಾಕಿದರೆ ನಿಮ್ಮ ಬೆರಳಿನಿಂದ ಯಾವ ಮಷೀನೂ ತೆರೆಯುವುದಿಲ್ಲ. ಇದಕ್ಕೆ ಆಧಾರ್‌ಗೆ ನಿಮ್ಮ ಮೊಬೈಲ್ ನಂಬರ್ ಜೋಡಣೆಯಾಗಿರಬೇಕು. ಪಡಿತರ ತರುವ ದಿನ, ಪಿಂಚಣಿ ತೆಗೆಯುವ ದಿನ ಸ್ವಲ್ಪ ಹೊತ್ತು ಬೀಗ ತೆಗೆದು ಕೆಲಸ ಮುಗಿಸಬೇಕು. ತೆಗೆಯದೆ ಹೋದರೆ ನ್ಯಾಯಬೆಲೆ ಅಂಗಡಿಯಿಂದ ಬರಿಗೈಯಲ್ಲಿ ಬರಬೇಕಾಗುತ್ತದೆ. ಮನೆಯ ಹಿರಿಯರಿಗೆ ಈ ಕೆಲಸವನ್ನು ಮಕ್ಕಳು, ಮೊಮ್ಮಕ್ಕಳೇ ಮಾಡಿಕೊಡಬೇಕು.

ಎರಡು, ಮಾತು ತಿಳಿಯದೆ ಬೆರಳು ಕೊಡಬೇಡಿ. ಕೊನಾಯ್‌ನ ಹಾಳೆ ನೆನಪಿದೆಯಲ್ಲ? ಮುಂದೆ ಮಾತು, ಹಿಂದೆ ಕೈ. ಇಂದಿನ ಮಷೀನಿನಲ್ಲಿ ಮಾತು ಹುಡುಗನ ಕಡೆಗಿರುವ ಪರದೆಯಲ್ಲಿದೆ, ಬೆರಳು ಮಾತ್ರ ನಮ್ಮ ಕಡೆ ಇದೆ. ಆದ್ದರಿಂದ ಒತ್ತುವ ಮುಂಚೆ ಎಷ್ಟು ಹಣ ಎಂದು ಪರದೆ ತೋರಿಸಲು ಹೇಳಿ. ಒಮ್ಮೆ ಒತ್ತಿದ ಮೇಲೆ "ಆಗಲಿಲ್ಲ" ಅಂದರೆ, ಆಗಲಿಲ್ಲ ಎಂಬ ಚೀಟಿ ಕೇಳಿ. ಆಮೇಲೆ ಎರಡನೇ ಸಲ. ಚೀಟಿ ಕೊಡದ ಅಂಗಡಿಯಲ್ಲಿ ಬೆರಳು ಇಡಬೇಡಿ.

ಮೂರು, ಜೆರಾಕ್ಸ್. ಇಡೀ ಆಧಾರ್ ಸಂಖ್ಯೆ ಬೇಕಿಲ್ಲದ ಕಡೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮುಸುಕಿನ ಆಧಾರ್ ಪ್ರತಿ ಕೊಡಿ. ಅದನ್ನು ಪ್ರಾಧಿಕಾರದ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು. ಜೆರಾಕ್ಸ್ ಮೇಲೆ ಯಾವ ಕೆಲಸಕ್ಕೆ, ಯಾವ ತಾರೀಕು ಎಂದು ಬರೆದು ಸಹಿ ಮಾಡಿ. ಅಂಗಡಿಯ ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಉಳಿದ ಫೈಲನ್ನು ಅಳಿಸಿಸಿ. ಆಧಾರ್ ಫೋಟೊ ವಾಟ್ಸಾಪ್ ಗುಂಪಿಗೆ ಹಾಕುವುದಂತೂ ಬೇಡವೇ ಬೇಡ.

ನಾಲ್ಕು, ಲೆಕ್ಕ ನೋಡುವ ಅಭ್ಯಾಸ. ಬ್ಯಾಂಕ್ ಖಾತೆಗೆ ನಿಮ್ಮ ಕೈಯಲ್ಲಿರುವ ನಂಬರೇ ಇರಲಿ, ಮೆಸೇಜ್ ಬರುತ್ತಿರಲಿ. ತಿಂಗಳಿಗೊಮ್ಮೆ ಪಾಸ್‌ಬುಕ್ ಎಂಟ್ರಿ ಮಾಡಿಸಿ. ನಿಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಯಿತು ಎಂಬ ಆರು ತಿಂಗಳ ಪಟ್ಟಿ ಪ್ರಾಧಿಕಾರದ ಜಾಲತಾಣದಲ್ಲಿ ಸಿಗುತ್ತದೆ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿಯಲ್ಲಿ ನೋಡಬಹುದು.

ಐದು, ಹಣ ಹೋದರೆ ಅಂದೇ ಓಡಿ. ಮೊದಲು 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಆಮೇಲೆ ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಟ್ಟು, ಸೀಲು ಹಾಕಿದ ಪ್ರತಿ ಇಟ್ಟುಕೊಳ್ಳಿ. ಆಧಾರ್ ವಿಷಯಕ್ಕೆ 1947. ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಹೀಗೆ ಹೇಳಿತು: ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ನಡುವೆ ಎಲ್ಲೋ ಮೋಸ ಆಗಿದೆ ಅಂದಾಗ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ನೀವು ದೂರು ಕೊಟ್ಟರೆ ನಷ್ಟ ನಿಮ್ಮದಲ್ಲ. ಏಳು ಕೆಲಸದ ದಿನ ದಾಟಿದರೆ ಬ್ಯಾಂಕಿನ ನಿಯಮದಂತೆ. ಅದೇ ಸುತ್ತೋಲೆಯಲ್ಲಿ ಇನ್ನೊಂದು ಮಾತಿದೆ: ಗ್ರಾಹಕರದೇ ಹೊಣೆ ಎಂದು ಸಾಬೀತು ಮಾಡುವ ಭಾರ ಬ್ಯಾಂಕಿನ ಮೇಲಿದೆ.

"ಹೆಬ್ಬೆಟ್ಟು ನಿಮ್ದೇ ಇದೆಯಲ್ಲಮ್ಮ" ಎಂಬ ಮಾತಿಗೆ ನಾವು ಅಂದು ಈ ಸುತ್ತೋಲೆ ತೋರಿಸಬೇಕಿತ್ತು. ನಮಗೇ ಗೊತ್ತಿರಲಿಲ್ಲ. ಪತ್ರಿಕೋದ್ಯಮ ಓದಿದ ನಾಲ್ಕು ಜನ ಅಜ್ಜಿಯ ಹಿಂದೆ ತಲೆ ತಗ್ಗಿಸಿ ನಿಂತಿದ್ದೆವು. ಮೇಲಾಗಿ ಒಂದೂವರೆ ತಿಂಗಳು ಕಳೆದುಹೋಗಿತ್ತು. ಆಮೇಲೆ ದೂರು ಬರೆದುಕೊಟ್ಟೆವು. ಇದನ್ನು ಬರೆಯುವ ಹೊತ್ತಿಗೂ ಆ 2000 ರೂಪಾಯಿ ಅಜ್ಜಿಯ ಖಾತೆಗೆ ಮರಳಿಲ್ಲ. ದೂರಿನ ಪ್ರತಿ ನಮ್ಮ ಬಳಿ ಇದೆ, ಬಿಟ್ಟಿಲ್ಲ.

ಅಜ್ಜಿ ಈಗಲೂ ಹೆಬ್ಬೆಟ್ಟು ಒತ್ತಿಯೇ ಪಿಂಚಣಿ ಪಡೆಯುತ್ತಾರೆ, ಆದರೆ ಬೇರೆ ಅಂಗಡಿಯಲ್ಲಿ. ಹೋಗುವ ಮುಂಚೆ ಮೊಮ್ಮಗನಿಂದ ಬೀಗ ತೆಗೆಸುತ್ತಾರೆ, ಬಂದ ಮೇಲೆ ಹಾಕಿಸುತ್ತಾರೆ. ಮಷೀನಿನ ಮುಂದೆ ಕೈಯನ್ನು ಸೆರಗಿನೊಳಗೇ ಇಟ್ಟುಕೊಂಡು ಮೊದಲು ಕೇಳುತ್ತಾರೆ: "ಎಷ್ಟು ಅಂತ ಹಾಕಿದ್ದೀಯಪ್ಪಾ? ಓದಿ ಹೇಳು." ಉತ್ತರ ಬಂದ ಮೇಲೇ ಕೈ ಹೊರಗೆ ಬರುತ್ತದೆ.